ನಿಧಾನವಾಗಿ ತೂಕ ಇಳಿಸುವುದು ಹೇಗೆ? ಬೊರಿವಲಿಯ ಲೋಕಲ್ ಬದುಕಿನಲ್ಲಿ ದೇಹವನ್ನು ಶಪಿಸದೆ ಹಗುರಾಗುವ ದಾರಿ

ಮುಂಬೈ: ರೈಲು ನಿಲ್ದಾಣಗಳಲ್ಲಿ ಬಣ್ಣದ ದೀಪ ಮಿನುಗಿಸುತ್ತಾ ನಿಂತಿರುತ್ತಿದ್ದ ತೂಕದ ಯಂತ್ರ ನಿಮಗೆ ನೆನಪಿರಬಹುದು. ನಾಣ್ಯ ಹಾಕಿ ಮೇಲೆ ನಿಂತರೆ ಪುಟ್ಟ ರಟ್ಟಿನ ಟಿಕೆಟ್ ಹೊರಬೀಳುತ್ತಿತ್ತು. ಅದರಲ್ಲಿ ನಿಮ್ಮ ತೂಕದ ಜೊತೆಗೆ ನಿಮ್ಮ ಗುಣ, ಭವಿಷ್ಯದ ಬಗ್ಗೆಯೂ ಒಂದು ಸಾಲು ಇರುತ್ತಿತ್ತು. ಓದಿ ನಕ್ಕು ಜೇಬಿಗಿಳಿಸಿ ರೈಲು ಹತ್ತುತ್ತಿದ್ದೆವು.

ಈಗ ತೂಕದ ಯಂತ್ರ ಮನೆಯ ಬಾತ್‌ರೂಮಿನ ಮೂಲೆಗೆ ಬಂದಿದೆ. ಅದು ಭವಿಷ್ಯ ಹೇಳುವುದಿಲ್ಲ. ಆದರೆ ಅದು ತೋರಿಸುವ ಸಂಖ್ಯೆಯನ್ನು ನೋಡಿ ನಾವೇ ನಮ್ಮ ಗುಣ ಹೇಳಿಕೊಳ್ಳುತ್ತೇವೆ. 'ನನಗೆ ಶಿಸ್ತಿಲ್ಲ', 'ನಾನು ಸೋಮಾರಿ', 'ನನ್ನಿಂದ ಏನೂ ಆಗದು'. ತೂಕ ಇಳಿಸಲು ಹೊರಟವರನ್ನು ಅರ್ಧ ದಾರಿಯಲ್ಲಿ ವಾಪಸ್ ಕಳುಹಿಸುವುದರಲ್ಲಿ ಹೊಟ್ಟೆಯ ಹಸಿವಿನಷ್ಟೇ ಪಾಲು ಈ ಮಾತುಗಳಿಗೂ ಇದೆ.

ಬೊರಿವಲಿಯಂಥ ಉಪನಗರದಲ್ಲಿ ಈ ಸಮಸ್ಯೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಚರ್ಚ್‌ಗೇಟ್‌ನಿಂದ ಸುಮಾರು 34 ಕಿ.ಮೀ. ದೂರದ ಊರು. ಬೆಳಗ್ಗೆ ಡಬ್ಬಿ ಕಟ್ಟಿಕೊಂಡು ಲೋಕಲ್ ಹಿಡಿದವರು ಮನೆ ಸೇರುವುದು ರಾತ್ರಿಗೆ. ಹೋಟೆಲ್, ಬ್ಯಾಂಕ್, ಕಚೇರಿ ಎಂದು ಕರಾವಳಿಯಿಂದ, ಉತ್ತರ ಕರ್ನಾಟಕದಿಂದ ಬಂದು ನೆಲೆಸಿದ ಕನ್ನಡಿಗರ ದಿನಚರಿಯೂ ಇದೇ. ಇಂಥ ಬದುಕಿನಲ್ಲಿ ನಡೆಯುವಂಥ ದಾರಿ ಯಾವುದು? ಎಷ್ಟು ವೇಗ ಸರಿ? ಇರುವ ದೇಹವನ್ನು ಒಪ್ಪಿಕೊಂಡರೆ ಪ್ರಯತ್ನವನ್ನೇ ಬಿಟ್ಟಂತೆ ಆಗುವುದಿಲ್ಲವೇ? ಒಂದೊಂದಾಗಿ ನೋಡೋಣ.

ನಿಮ್ಮ ತೂಕ ನಿಜಕ್ಕೂ ಹೆಚ್ಚಿದೆಯೇ?

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಏಕೆಂದರೆ ತೂಕ ಇಳಿಸಬೇಕೆಂದು ಒದ್ದಾಡುವ ಎಲ್ಲರಿಗೂ ಅದರ ಅಗತ್ಯ ಇರುವುದಿಲ್ಲ. ಅಗತ್ಯ ಇರುವ ಹಲವರಿಗೆ ಅದು ಗೊತ್ತೇ ಇರುವುದಿಲ್ಲ.

ಸಾಮಾನ್ಯ ಅಳತೆಗೋಲು ಬಿಎಂಐ. ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಸಿಗುವ ಸಂಖ್ಯೆ. ಜಾಗತಿಕವಾಗಿ 25 ದಾಟಿದರೆ ಅಧಿಕ ತೂಕ, 30 ದಾಟಿದರೆ ಬೊಜ್ಜು ಎನ್ನುತ್ತಾರೆ. ಭಾರತೀಯರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ, ಹೃದ್ರೋಗ ಕಾಣಿಸಿಕೊಳ್ಳುವುದರಿಂದ ಇಲ್ಲಿನ ವೈದ್ಯರು 23 ಮತ್ತು 25ರ ಗೆರೆ ಬಳಸುತ್ತಾರೆ. ಉದಾಹರಣೆಗೆ 160 ಸೆಂ.ಮೀ. ಎತ್ತರದವರಿಗೆ 59 ಕಿಲೋ ದಾಟಿದರೆ ಅಧಿಕ ತೂಕ, 64 ಕಿಲೋ ದಾಟಿದರೆ ಬೊಜ್ಜು ಎಂದು ಲೆಕ್ಕ.

ಆದರೆ ಬಿಎಂಐ ಒಂದನ್ನೇ ನಂಬುವಂತಿಲ್ಲ. ಇದಕ್ಕೆ ವೈದ್ಯಕೀಯ ಲೋಕದಲ್ಲಿ ಪ್ರಸಿದ್ಧವಾದ ಒಂದು ಚಿತ್ರ ಇದೆ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್‌ನ ಡಾ. ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತಿರುವ ಫೋಟೊ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಇಬ್ಬರ ಬಿಎಂಐ ಕೂಡ 22.3. ನೋಡಲು ಇಬ್ಬರೂ ತೆಳ್ಳಗೇ ಇದ್ದರು. ಆದರೆ ದೇಹದ ಕೊಬ್ಬು ಅಳೆದಾಗ ಯುಡ್ಕಿನ್ ಅವರದ್ದು ಶೇ. 9.1, ಯಾಜ್ಞಿಕ್ ಅವರದ್ದು ಶೇ. 21.2! ತೆಳ್ಳಗೆ ಕಾಣುವವರೆಲ್ಲ ಆರೋಗ್ಯವಂತರಲ್ಲ, ದಪ್ಪ ಕಾಣುವವರೆಲ್ಲ ರೋಗಿಗಳಲ್ಲ ಎಂಬುದಕ್ಕೆ ಇದಕ್ಕಿಂತ ಸರಳ ಪಾಠ ಬೇಕಿಲ್ಲ.

ಆದ್ದರಿಂದ ಮನೆಯಲ್ಲೇ ಇನ್ನೊಂದು ಅಳತೆ ತೆಗೆದುಕೊಳ್ಳಿ. ಅದು ಸೊಂಟದ ಸುತ್ತಳತೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ಭಾಗಕ್ಕೂ ನಡುವೆ, ಉಸಿರು ಬಿಟ್ಟ ಸ್ಥಿತಿಯಲ್ಲಿ, ಟೇಪನ್ನು ಬಿಗಿಯದೆ ಅಳೆಯಬೇಕು. ಭಾರತೀಯ ಪುರುಷರಿಗೆ 90 ಸೆಂ.ಮೀ., ಮಹಿಳೆಯರಿಗೆ 80 ಸೆಂ.ಮೀ. ದಾಟಿದರೆ ಎಚ್ಚರಿಕೆ ಅಗತ್ಯ. ಹೊಟ್ಟೆಯ ಒಳಗೆ, ಅಂಗಾಂಗಗಳ ಸುತ್ತ ಸೇರುವ ಕೊಬ್ಬೇ ಹೆಚ್ಚು ತೊಂದರೆ ಕೊಡುವಂಥದ್ದು.

2025ರ ಜನವರಿಯಲ್ಲಿ ಭಾರತೀಯ ತಜ್ಞರು ಪರಿಷ್ಕರಿಸಿದ ವ್ಯಾಖ್ಯಾನವೂ ಇದೇ ದಿಕ್ಕಿನಲ್ಲಿದೆ. ಬಿಎಂಐ 23 ದಾಟಿದ್ದರೂ ಅಂಗಾಂಗಗಳಿಗೆ, ದೈನಂದಿನ ಕೆಲಸಕ್ಕೆ ತೊಂದರೆ ಇಲ್ಲದಿದ್ದರೆ ಅದು ಮೊದಲ ಹಂತ. ಹೊಟ್ಟೆಯ ಬೊಜ್ಜಿನ ಜೊತೆಗೆ ಮಧುಮೇಹ, ಮಂಡಿನೋವು, ಏದುಸಿರಿನಂಥ ತೊಂದರೆ ಇದ್ದರೆ ಎರಡನೇ ಹಂತ. ಅಂದರೆ ಎಷ್ಟು ಕಿಲೋ ಇದ್ದೀರಿ ಎಂಬುದಕ್ಕಿಂತ ಆ ತೂಕ ನಿಮ್ಮ ದೇಹದಲ್ಲಿ ಏನು ಮಾಡುತ್ತಿದೆ ಎಂಬುದು ಮುಖ್ಯ.

ಸಮಸ್ಯೆ ಎಷ್ಟು ದೊಡ್ಡದು?

5ನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 24, ಪುರುಷರಲ್ಲಿ ಶೇ. 22.9 ಮಂದಿಗೆ ಅಧಿಕ ತೂಕ ಅಥವಾ ಬೊಜ್ಜು ಇದೆ. ಇದು 25ರ ಗೆರೆಯ ಲೆಕ್ಕ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನ ಹೊಟ್ಟೆಯ ಬೊಜ್ಜನ್ನು ಪ್ರತ್ಯೇಕವಾಗಿ ಅಳೆದಾಗ ಶೇ. 39.5 ವಯಸ್ಕರಲ್ಲಿ ಅದು ಕಂಡುಬಂತು. ಅದೇ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿ ದಾಟಿದೆ.

ಹತ್ತು ಮಂದಿಯಲ್ಲಿ ನಾಲ್ವರಿಗೆ ಇರುವ ಸಮಸ್ಯೆಯನ್ನು ಒಬ್ಬೊಬ್ಬರ ಸೋಮಾರಿತನ ಎಂದು ಕರೆಯುವುದು ಕಷ್ಟ. ಕುಳಿತು ಮಾಡುವ ಕೆಲಸ, ದೀರ್ಘ ಪ್ರಯಾಣ, ಕಡಿಮೆ ನಿದ್ರೆ, ಕೈಗೆಟುಕುವ ದೂರದಲ್ಲೇ ಕರಿದ ತಿಂಡಿ, ಆಟಕ್ಕೆ ಜಾಗವಿಲ್ಲದ ಬಡಾವಣೆ ಎಲ್ಲವೂ ಇದರ ಹಿಂದಿವೆ. ಅನುವಂಶೀಯತೆಯೂ ಇದೆ.

ಅವಸರದ ಡಯಟ್‌ನಲ್ಲಿ ಏನಾಗುತ್ತದೆ?

'15 ದಿನದಲ್ಲಿ 10 ಕಿಲೋ' ಎಂಬ ಜಾಹೀರಾತು ನೋಡದವರಿಲ್ಲ. ಊಟ ದಿಢೀರ್ ಕಡಿಮೆ ಮಾಡಿದರೆ ಮೊದಲ ವಾರ ತೂಕ ಇಳಿಯುವುದು ನಿಜ. ಆದರೆ ಅದರಲ್ಲಿ ಹೆಚ್ಚಿನ ಪಾಲು ನೀರು. ನಂತರ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಪಿತ್ತಕೋಶದ ಕಲ್ಲು, ಕೂದಲು ಉದುರುವಿಕೆ, ಸುಸ್ತು ಹಿಂಬಾಲಿಸಬಹುದು.

ಎರಡನೇ ಮಹಾಯುದ್ಧದ ಕಾಲದಲ್ಲಿ, 1944-45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ 36 ಆರೋಗ್ಯವಂತ ಯುವಕರ ಊಟವನ್ನು 24 ವಾರಗಳ ಕಾಲ ಸುಮಾರು ಅರ್ಧಕ್ಕೆ ಇಳಿಸಿ ನೋಡಿದರು. ಅವರ ತೂಕ ಇಳಿಯಿತು. ಜೊತೆಗೆ ಖಿನ್ನತೆ, ಸಿಡುಕು, ಸದಾ ಊಟದ್ದೇ ಧ್ಯಾನ ಶುರುವಾಯಿತು. ಪ್ರಯೋಗ ಮುಗಿದ ಮೇಲೂ ಎಷ್ಟು ತಿಂದರೂ ಹಸಿವು ತೀರದವರು ಅವರಲ್ಲಿದ್ದರು. ಡಯಟ್ ಮುರಿದ ರಾತ್ರಿ ಫ್ರಿಜ್ ಮುಂದೆ ನಿಂತು ತನ್ನನ್ನು ತಾನೇ ಬೈದುಕೊಳ್ಳುವವರು ಇದನ್ನು ನೆನಪಿಡಬೇಕು. ಅದು ಹಸಿದ ದೇಹದ ಸಹಜ ವರ್ತನೆ.

ಅಮೆರಿಕದ 'ದಿ ಬಿಗ್ಗೆಸ್ಟ್ ಲೂಸರ್' ಎಂಬ ತೂಕ ಇಳಿಸುವ ಟಿವಿ ಸ್ಪರ್ಧೆಯ 14 ಸ್ಪರ್ಧಿಗಳನ್ನು ಆರು ವರ್ಷದ ನಂತರ ವಿಜ್ಞಾನಿ ಕೆವಿನ್ ಹಾಲ್ ಅವರ ತಂಡ ಪರೀಕ್ಷಿಸಿತು. 2016ರಲ್ಲಿ ಪ್ರಕಟವಾದ ಆ ಅಧ್ಯಯನದಂತೆ ಅವರಲ್ಲಿ ಹೆಚ್ಚಿನವರಿಗೆ ಇಳಿದ ತೂಕದ ಬಹುಪಾಲು ಮರಳಿತ್ತು. ವಿಶ್ರಾಂತಿಯಲ್ಲಿ ದೇಹ ಸುಡುವ ಶಕ್ತಿ ಮಾತ್ರ, ಅವರ ಗಾತ್ರದವರಿಗೆ ಇರಬೇಕಾದುದಕ್ಕಿಂತ ದಿನಕ್ಕೆ ಸರಾಸರಿ 500 ಕ್ಯಾಲರಿಯಷ್ಟು ಕಡಿಮೆಯೇ ಉಳಿದಿತ್ತು.

ಸಣ್ಣಗಾಗುವ ಒತ್ತಡ ಜೀವಕ್ಕೇ ಎರವಾದ ಘಟನೆ ಕನ್ನಡಿಗರಿಗೂ ಗೊತ್ತಿದೆ. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಒಳಗಾದ ಬಳಿಕ ಮೃತಪಟ್ಟರು. ಅವರಿಗೆ ಆಗ 21 ವರ್ಷ. ಕೊಬ್ಬು ಹೀರಿ ತೆಗೆಯುವ ಲಿಪೊಸಕ್ಷನ್ ದೇಹದ ಆಕಾರ ತಿದ್ದುವ ಚಿಕಿತ್ಸೆಯೇ ಹೊರತು ಬೊಜ್ಜಿನ ಚಿಕಿತ್ಸೆ ಅಲ್ಲ ಎಂಬುದನ್ನು ವೈದ್ಯರು ಮತ್ತೆ ಮತ್ತೆ ಹೇಳುತ್ತಾರೆ.

ನಿಧಾನ ಎಂದರೆ ಎಷ್ಟು ನಿಧಾನ?

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ ಆಹಾರ ಮಾರ್ಗಸೂಚಿಯಂತೆ ವಾರಕ್ಕೆ ಸುಮಾರು ಅರ್ಧ ಕಿಲೋ ಇಳಿಕೆ ಸುರಕ್ಷಿತ. ತೂಕ ಇಳಿಸುವ ಆಹಾರ ದಿನಕ್ಕೆ 1000 ಕ್ಯಾಲರಿಗಿಂತ ಕಡಿಮೆ ಇರಕೂಡದು ಎಂದೂ ಅದು ಹೇಳುತ್ತದೆ. ಎಲ್ಲ ವಾರವೂ ಒಂದೇ ಸಮ ಇಳಿಯುವುದಿಲ್ಲ. ಹಬ್ಬ, ಮದುವೆ, ಆಫೀಸಿನ ಒತ್ತಡದ ವಾರಗಳೂ ಬರುತ್ತವೆ.

ಮೊದಲ ಗುರಿಯನ್ನು ಈಗಿನ ತೂಕದ ಶೇ. 5ಕ್ಕೆ ಇಡಿ. 70 ಕಿಲೋ ಇರುವವರಿಗೆ ಇದು ಮೂರೂವರೆ ಕಿಲೋ. ಮೂರ್ನಾಲ್ಕು ತಿಂಗಳ ಕೆಲಸ. ಕಾಲೇಜು ದಿನದ ಜೀನ್ಸ್ ಹಿಡಿಸಲಿಕ್ಕಿಲ್ಲ, ನೆಂಟರ ಕಣ್ಣಿಗೂ ಬೀಳಲಿಕ್ಕಿಲ್ಲ. ಆದರೆ ರಕ್ತದೊತ್ತಡ, ರಕ್ತದ ಸಕ್ಕರೆ, ಯಕೃತ್ತಿನ ಕೊಬ್ಬಿನ ಮೇಲೆ ಇಷ್ಟು ಇಳಿಕೆಯೂ ಒಳ್ಳೆಯ ಪರಿಣಾಮ ಬೀರುತ್ತದೆ. ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಮಧುಮೇಹದ ಅಂಚಿನಲ್ಲಿದ್ದವರಿಗೆ ಶೇ. 7 ತೂಕ ಇಳಿಕೆ, ವಾರಕ್ಕೆ 150 ನಿಮಿಷ ವ್ಯಾಯಾಮದ ಗುರಿ ಕೊಟ್ಟಾಗ ಮಧುಮೇಹ ಬರುವ ಪ್ರಮಾಣ ಶೇ. 58ರಷ್ಟು ತಗ್ಗಿತು.

ಹಾಗೆಂದು ನಿಧಾನಕ್ಕೆ ಮಂತ್ರಶಕ್ತಿ ಏನೂ ಇಲ್ಲ. ಆಸ್ಟ್ರೇಲಿಯಾದಲ್ಲಿ ಸುಮಾರು 200 ಮಂದಿಯನ್ನು ಎರಡು ಗುಂಪು ಮಾಡಿ ಒಂದಕ್ಕೆ 12 ವಾರಗಳ ವೇಗದ ಡಯಟ್, ಇನ್ನೊಂದಕ್ಕೆ 36 ವಾರಗಳ ನಿಧಾನದ ಡಯಟ್ ಕೊಟ್ಟರು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ ಸುಮಾರು ಮೂರು ವರ್ಷದ ನಂತರ ಎರಡೂ ಗುಂಪಿನವರಿಗೆ ಇಳಿದ ತೂಕದ ಶೇ. 70ರಷ್ಟು ಮರಳಿತ್ತು! ಡಯಟ್ ಎಂಬುದು ಮುಗಿಯುವ ದಿನವಿರುವ ಶಿಕ್ಷೆಯಾಗಿದ್ದರೆ, ಅದು 12 ವಾರವಾದರೂ ಒಂದೇ, 36 ವಾರವಾದರೂ ಒಂದೇ.

ನಿಧಾನದ ನಿಜವಾದ ಲಾಭ ಬೇರೆ ಇದೆ. ಐದು ವರ್ಷದ ನಂತರವೂ ನೀವು ಮಾಡುತ್ತಿರಬಲ್ಲ ಬದಲಾವಣೆ ಯಾವುದು ಎಂದು ಪರೀಕ್ಷಿಸಿ ನೋಡಲು ಅದು ಸಮಯ ಕೊಡುತ್ತದೆ.

ಬೊರಿವಲಿಯ ದಿನಚರಿಯಲ್ಲಿ ಊಟ ಹೇಗಿರಬೇಕು?

ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2024ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ 2000 ಕ್ಯಾಲರಿಯ ಒಂದು ದಿನದ ತಟ್ಟೆ ಹೀಗಿದೆ (ಬೇಯಿಸುವ ಮುಂಚಿನ ತೂಕ):

- ತರಕಾರಿ, ಸೊಪ್ಪು: 400 ಗ್ರಾಂ
- ಅಕ್ಕಿ, ಗೋಧಿ, ಜೋಳ, ರಾಗಿ ಎಲ್ಲ ಸೇರಿ: 250 ಗ್ರಾಂ
- ಬೇಳೆಕಾಳು, ಮೊಟ್ಟೆ ಅಥವಾ ಮೀನು-ಮಾಂಸ: 85 ಗ್ರಾಂ
- ಹಣ್ಣು: 100 ಗ್ರಾಂ
- ಹಾಲು ಅಥವಾ ಮೊಸರು: 300 ಮಿ.ಲೀ.
- ಕಡಲೆಬೀಜ, ಎಳ್ಳು ಮೊದಲಾದ ಬೀಜಗಳು: 35 ಗ್ರಾಂ
- ಎಣ್ಣೆ, ತುಪ್ಪ: 27 ಗ್ರಾಂ

ಇದನ್ನು ನಮ್ಮ ಮನೆಯ ತಟ್ಟೆಯ ಪಕ್ಕ ಇಟ್ಟು ನೋಡಿದರೆ ಎರಡು ವ್ಯತ್ಯಾಸ ತಕ್ಷಣ ಕಾಣುತ್ತದೆ. ನಮ್ಮಲ್ಲಿ ಅನ್ನ-ಚಪಾತಿ ಹೆಚ್ಚು, ತರಕಾರಿ ಮತ್ತು ಕಾಳು ಕಡಿಮೆ. ಇದಕ್ಕೆ ವಿದೇಶಿ ಓಟ್ಸ್, ಕಿನೋವಾ ಹುಡುಕಬೇಕಿಲ್ಲ. ಹುರುಳಿ ಸಾರು, ಹೆಸರುಕಾಳಿನ ಪಲ್ಯ, ಬಸಳೆ ಸೊಪ್ಪು, ಜೋಳದ ರೊಟ್ಟಿಯ ಜೊತೆ ಮಡಕೆಕಾಳು, ಮುದ್ದೆ-ಸೊಪ್ಪಿನ ಸಾರು, ಕಡಿಮೆ ಎಣ್ಣೆಯ ಮೀನು ಸಾರು ಎಲ್ಲವೂ ಈ ಲೆಕ್ಕಕ್ಕೆ ಹೊಂದುತ್ತವೆ. ಬೊರಿವಲಿಯ ಮಾರುಕಟ್ಟೆಯಲ್ಲಿ ಮೆಂತ್ಯ, ಪಾಲಕ್ ಸೊಪ್ಪಿಗೂ ಬರವಿಲ್ಲ. ಅನ್ನವನ್ನು ಪೂರ್ತಿ ಬಿಡುವ ಪ್ರತಿಜ್ಞೆ ಮಾಡುವುದಕ್ಕಿಂತ ಎರಡು ಸೌಟು ಅನ್ನವನ್ನು ಒಂದೂವರೆಗೆ ಇಳಿಸಿ, ಪಲ್ಯ ಎರಡು ಪಟ್ಟು ಮಾಡಿಕೊಳ್ಳುವುದು ಹೆಚ್ಚು ದಿನ ಉಳಿಯುತ್ತದೆ.

ಎಣ್ಣೆಯ ಲೆಕ್ಕ: 27 ಗ್ರಾಂ ಲೆಕ್ಕದಲ್ಲಿ ನಾಲ್ವರು ವಯಸ್ಕರ ಮನೆಗೆ ತಿಂಗಳಿಗೆ ಸುಮಾರು ಮೂರೂವರೆ ಲೀಟರ್ ಎಣ್ಣೆ ಸಾಕು. ಹೊರಗೆ ತಿನ್ನುವ ವಡೆ, ಭಜಿ, ಫರಸಾಣಿನ ಎಣ್ಣೆಯೂ ಇದರಲ್ಲೇ ಬರಬೇಕು. ನಿಮ್ಮ ಮನೆಯ ಕಿರಾಣಿ ಚೀಟಿಯಲ್ಲಿ ಎಷ್ಟಿದೆ ನೋಡಿ. ಪ್ರಧಾನಿ ನರೇಂದ್ರ ಮೋದಿ 2025ರ ಫೆಬ್ರವರಿಯ 'ಮನ್ ಕಿ ಬಾತ್'ನಲ್ಲಿ ಎಣ್ಣೆ ಬಳಕೆಯನ್ನು ಶೇ. 10ರಷ್ಟು ಇಳಿಸಿ ಎಂದು ಕರೆ ಕೊಟ್ಟಿದ್ದರು. ಬಾಟಲಿಯಿಂದ ನೇರ ಸುರಿಯುವ ಬದಲು ಚಮಚದಲ್ಲಿ ಅಳೆದು ಹಾಕಿದರೆ ಇಷ್ಟು ಉಳಿತಾಯ ಕಷ್ಟವಲ್ಲ.

ಚಹಾದ ಲೆಕ್ಕ: ದಿನಕ್ಕೆ ನಾಲ್ಕು ಚಹಾ, ಒಂದೊಂದರಲ್ಲಿ ಎರಡು ಚಮಚ ಸಕ್ಕರೆ ಎಂದರೆ ಒಟ್ಟು 40 ಗ್ರಾಂ. ಸುಮಾರು 160 ಕ್ಯಾಲರಿ. ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿರಲಿ ಎಂಬುದು ತಜ್ಞರ ಸಲಹೆ. ಚಹಾ ಬಿಡಬೇಕಿಲ್ಲ. ಎರಡು ವಾರಕ್ಕೊಮ್ಮೆ ಅರ್ಧ ಚಮಚ ಸಕ್ಕರೆ ಕಡಿಮೆ ಮಾಡುತ್ತಾ ಹೋದರೆ ನಾಲಿಗೆಗೆ ಗೊತ್ತಾಗುವುದೂ ಕಡಿಮೆ.

ಸಂಜೆಯ ಹಸಿವು: ಮುಂಬೈ ನೌಕರರ ಡಯಟ್ ಮುರಿಯುವ ಸಮಯ ಸಂಜೆ ಆರರಿಂದ ಎಂಟು. ಮಧ್ಯಾಹ್ನ ಒಂದಕ್ಕೆ ಡಬ್ಬಿ ಮುಗಿದಿರುತ್ತದೆ, ರಾತ್ರಿ ಊಟ ಹತ್ತಕ್ಕೆ. ನಡುವೆ ಒಂಬತ್ತು ಗಂಟೆ! ಲೋಕಲ್ ಇಳಿದ ಕೂಡಲೇ ವಡಾಪಾವ್ ವಾಸನೆ ಕರೆಯುವುದು ಸಹಜ. ರೈಲು ಹತ್ತುವ ಮುಂಚೆಯೇ ಹುರಿಗಡಲೆ, ಬೇಯಿಸಿದ ಮೊಟ್ಟೆ, ಬಾಳೆಹಣ್ಣು ಅಥವಾ ಮಜ್ಜಿಗೆ ಹೊಟ್ಟೆ ಸೇರಿದರೆ ನಿಲ್ದಾಣದ ಹೊರಗೆ ನಿಮ್ಮ ಮನೋಬಲವನ್ನು ಪರೀಕ್ಷಿಸಬೇಕಾದ ಪ್ರಸಂಗವೇ ಬರುವುದಿಲ್ಲ.

ಭಾನುವಾರದ ಲೆಕ್ಕ: ಗುಜರಾತಿ ನೆರೆಹೊರೆಯ ಬೊರಿವಲಿಯಲ್ಲಿ ಭಾನುವಾರ ಬೆಳಗ್ಗೆ ಫಾಫಡಾ-ಜಿಲೇಬಿಯ ಸಾಲು ಇದ್ದೇ ಇರುತ್ತದೆ. ತಿನ್ನಿ. ತಟ್ಟೆಯಲ್ಲಿ ಹಾಕಿಕೊಂಡು, ಕುಳಿತು, ರುಚಿ ನೋಡುತ್ತಾ ತಿನ್ನಿ. ಮಧ್ಯಾಹ್ನ ಎಂದಿನ ಊಟ ಮಾಡಿ. 'ಹೇಗೂ ಇವತ್ತು ಕೆಟ್ಟಿತು' ಎಂದು ಇಡೀ ದಿನವನ್ನು ಬಿಟ್ಟುಬಿಡುವುದರಿಂದ ಆಗುವ ನಷ್ಟ ಒಂದು ಜಿಲೇಬಿಯಿಂದ ಆಗುವುದಿಲ್ಲ.

ನಡೆಯಲು ಜಾಗ ಎಲ್ಲಿ?

ಈ ವಿಷಯದಲ್ಲಿ ಬೊರಿವಲಿ ಅದೃಷ್ಟದ ಊರು. ಪಶ್ಚಿಮ ಎಕ್ಸ್‌ಪ್ರೆಸ್ ಹೆದ್ದಾರಿಯ ಪಕ್ಕದಲ್ಲೇ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಮುಖ್ಯ ದ್ವಾರ ಇದೆ. ನೂರು ಚದರ ಕಿ.ಮೀ.ಗೂ ಹೆಚ್ಚು ವಿಸ್ತಾರದ, ಚಿರತೆಗಳು ಓಡಾಡುವ ಕಾಡು ಒಂದು ಮಹಾನಗರದೊಳಗೇ ಇರುವುದು ಅಪರೂಪ. ಬೆಳಗಿನ ಹೊತ್ತು ಇಲ್ಲಿ ಕಾಲೇಜು ಹುಡುಗರು, ಸೀರೆಗೆ ಸ್ಪೋರ್ಟ್ಸ್ ಶೂ ಹಾಕಿದ ಅಜ್ಜಿಯರು, ಮೊಣಕಾಲಿಗೆ ಪಟ್ಟಿ ಕಟ್ಟಿದವರು ಎಲ್ಲರೂ ನಡೆಯುತ್ತಾರೆ. ದ್ವಾರದಿಂದ ಕಾನ್ಹೇರಿ ಗುಹೆಗಳ ಕಡೆಗೆ ಹೋಗುವ ದಾರಿ ಐದಾರು ಕಿ.ಮೀ. ಉದ್ಯಾನಕ್ಕೆ ಸೋಮವಾರ ರಜೆ ಎಂಬುದು ನೆನಪಿರಲಿ. ಪಶ್ಚಿಮ ಭಾಗದವರಿಗೆ ವೀರ ಸಾವರ್ಕರ್ ಉದ್ಯಾನವೂ ಇದೆ.

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಮಧ್ಯಮ ಎಂದರೆ ನಡೆಯುತ್ತಾ ಮಾತಾಡಬಹುದು, ಹಾಡಲು ಆಗದು ಎಂಬಷ್ಟು. ಬೆಳಗ್ಗೆ ಸಮಯವೇ ಇಲ್ಲದವರು ಹೀಗೆ ಮಾಡಬಹುದು:

- ನಿಲ್ದಾಣದಿಂದ ಮನೆಗೆ ಶೇರ್ ರಿಕ್ಷಾ ಬದಲು 15 ನಿಮಿಷದ ನಡಿಗೆ. ಹೋಗುವಾಗ, ಬರುವಾಗ ಸೇರಿದರೆ ಐದು ಕೆಲಸದ ದಿನಗಳಲ್ಲಿ 150 ನಿಮಿಷ.
- ನಿಲ್ದಾಣದ ಸೇತುವೆಗೆ ಎಸ್ಕಲೇಟರ್ ಬದಲು ಮೆಟ್ಟಿಲು. ಮಂಡಿನೋವು ಇರುವವರಿಗೆ ಇದು ಬೇಡ.
- ವಾರಕ್ಕೆರಡು ಸಲ ಮನೆಯಲ್ಲೇ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈ ಒತ್ತಿ ಪುಷ್-ಅಪ್. ತಲಾ ಹತ್ತರಿಂದ ಆರಂಭಿಸಿ.
- ಮಳೆಗಾಲದಲ್ಲಿ ಕಟ್ಟಡದ ಪಾರ್ಕಿಂಗ್ ಜಾಗವೇ ಟ್ರ್ಯಾಕ್.

ನಿದ್ರೆಯನ್ನು ಮರೆಯಬೇಡಿ. ಏಳು ಗಂಟೆಗಿಂತ ಕಡಿಮೆ ನಿದ್ರೆ ಮಾಡಿದ ಮರುದಿನ ಹಸಿವು, ಸಿಹಿಯ ಆಸೆ ಎರಡೂ ಹೆಚ್ಚು. ಐದು ಗಂಟೆಯ ನಡಿಗೆಗಾಗಿ ನಾಲ್ಕೇ ಗಂಟೆ ಮಲಗುವುದು ಲಾಭದ ವ್ಯವಹಾರವಲ್ಲ.

ತೂಕ ನಿಂತಲ್ಲೇ ನಿಂತರೆ?

ಎರಡು-ಮೂರು ತಿಂಗಳ ನಂತರ ಬಹುತೇಕ ಎಲ್ಲರಿಗೂ ಹೀಗಾಗುತ್ತದೆ. ದೇಹ ಹಗುರವಾದಂತೆ ಅದಕ್ಕೆ ಬೇಕಾಗುವ ಶಕ್ತಿಯೂ ಕಡಿಮೆಯಾಗುತ್ತದೆ. ಉಪ್ಪಿನ ಊಟ, ಮುಟ್ಟಿನ ದಿನ, ಮಲಬದ್ಧತೆ ಇವೆಲ್ಲ ಒಂದೆರಡು ಕಿಲೋ ಹೆಚ್ಚು-ಕಡಿಮೆ ತೋರಿಸಬಹುದು. ಆದ್ದರಿಂದ ದಿನಾ ತೂಕ ನೋಡಿ ಕಂಗಾಲಾಗುವವರು ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತಿಗೆ ನೋಡಿದರೆ ಸಾಕು.

ಈ ಹಂತದಲ್ಲಿ ಕೈಚೆಲ್ಲುವವರು ತಿಳಿಯಬೇಕಾದ ಒಂದು ಭಾರತೀಯ ಅಧ್ಯಯನವಿದೆ. ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ ಮಧುಮೇಹದ ಅಂಚಿನಲ್ಲಿದ್ದ 531 ಮಂದಿಯನ್ನು ಮೂರು ವರ್ಷ ಗಮನಿಸಿ 2006ರಲ್ಲಿ ವರದಿ ಪ್ರಕಟಿಸಿತು. ಏನೂ ಬದಲಾಯಿಸದ ಗುಂಪಿನಲ್ಲಿ ಶೇ. 55 ಮಂದಿಗೆ ಮಧುಮೇಹ ಬಂತು. ಊಟ ಸುಧಾರಿಸಿ, ನಡಿಗೆ ರೂಢಿಸಿಕೊಂಡ ಗುಂಪಿನಲ್ಲಿ ಇದು ಶೇ. 39. ಗಮನಿಸಬೇಕಾದ ಸಂಗತಿ ಏನೆಂದರೆ ಆ ಗುಂಪಿನವರ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆಯೇ ಆಗಿರಲಿಲ್ಲ!

ತೂಕದ ಯಂತ್ರದ ಪ್ರಕಾರ ಅವರು 'ಫೇಲ್'. ಆದರೆ ಅವರಲ್ಲಿ ಹಲವರು ಸಕ್ಕರೆ ಕಾಯಿಲೆಯಿಂದ ಪಾರಾಗಿದ್ದರು. ಹಾಗಾಗಿ ತೂಕದ ಜೊತೆ ಇವನ್ನೂ ಬರೆದಿಡಿ: ಸೊಂಟದ ಅಳತೆ, ರಕ್ತದೊತ್ತಡ, ಸಕ್ಕರೆಯ ವರದಿ, ಸೇತುವೆ ಹತ್ತುವಾಗಿನ ಉಸಿರು, ರಾತ್ರಿಯ ನಿದ್ರೆ.

ಒಪ್ಪಿಕೊಳ್ಳುವುದು ಎಂದರೆ ಸೋಲುವುದೇ?

'ನಾನಿರುವುದೇ ಹೀಗೆ ಎಂದು ಒಪ್ಪಿಕೊಂಡರೆ ಮತ್ತೆ ಯಾಕೆ ಪ್ರಯತ್ನ?' ಎಂಬ ಪ್ರಶ್ನೆ ಸಹಜ. ನಾಚಿಕೆ ಹುಟ್ಟಿಸಿದರೆ ಜನ ಸಣ್ಣಗಾಗುತ್ತಾರೆ ಎಂಬುದು ನಮ್ಮಲ್ಲಿ ಆಳವಾಗಿ ಬೇರೂರಿದ ನಂಬಿಕೆ. ಬ್ರಿಟನ್‌ನಲ್ಲಿ 50 ದಾಟಿದ ಸುಮಾರು 3000 ಮಂದಿಯನ್ನು ನಾಲ್ಕು ವರ್ಷ ಗಮನಿಸಿದ ಅಧ್ಯಯನವೊಂದು (2014) ಬೇರೆಯೇ ಚಿತ್ರ ಕೊಟ್ಟಿತು. ತೂಕದ ಕಾರಣಕ್ಕೆ ಅವಮಾನ, ತಾರತಮ್ಯ ಎದುರಿಸಿದ್ದಾಗಿ ಹೇಳಿದವರ ತೂಕ ಸರಾಸರಿ 0.95 ಕಿಲೋ ಏರಿತ್ತು. ಉಳಿದವರ ತೂಕ 0.71 ಕಿಲೋ ಇಳಿದಿತ್ತು. ನಾಚಿಕೆಯಿಂದ ಜನ ಪಾರ್ಕಿಗೆ ಹೋಗುವುದನ್ನು, ಡಾಕ್ಟರ ಬಳಿ ಹೋಗುವುದನ್ನು ಬಿಡುತ್ತಾರೆ, ಒಂಟಿಯಾಗಿ ಹೆಚ್ಚು ತಿನ್ನುತ್ತಾರೆ. ಇದನ್ನು ಅರ್ಥಮಾಡಿಕೊಳ್ಳಲು ಸಂಶೋಧನೆಯೂ ಬೇಕಿಲ್ಲ.

ಜಗತ್ತಿನಲ್ಲಿ ಈ ಚರ್ಚೆ ಹೊಸದಲ್ಲ. 1967ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನಲ್ಲಿ ನೂರಾರು ಮಂದಿ ಸೇರಿ ದಪ್ಪಗಿರುವವರ ಮೇಲಿನ ತಾರತಮ್ಯವನ್ನು ಪ್ರತಿಭಟಿಸಿದ್ದರು. 1969ರಲ್ಲಿ ಅಲ್ಲಿ ಇದಕ್ಕಾಗಿಯೇ ಒಂದು ಸಂಘಟನೆಯೂ ಹುಟ್ಟಿತು. ಮುಂಬೈನ ಹಿಂದಿ ಚಿತ್ರರಂಗ ಮಾತ್ರ ದಶಕಗಳ ಕಾಲ ದಪ್ಪ ಎಂದರೆ ನಗೆಪಾತ್ರ ಎಂದೇ ತೋರಿಸಿತು. ಗಾಯಕಿಯಾಗಿ ಹೆಸರು ಮಾಡಿದ್ದ ಉಮಾದೇವಿ 'ಟುನ್ ಟುನ್' ಆದ ಮೇಲೆ ಆ ಹೆಸರೇ ದಪ್ಪ ಹೆಂಗಸರನ್ನು ಛೇಡಿಸುವ ಪದವಾಯಿತು. ಅದೇ ಚಿತ್ರರಂಗದ ವಿದ್ಯಾ ಬಾಲನ್ ತಮ್ಮ ದೇಹದ ಬಗ್ಗೆ ಎದುರಿಸಿದ ಟೀಕೆ, ಅದನ್ನು ದಾಟಿದ ಬಗೆಯನ್ನು ಬಹಿರಂಗವಾಗಿ ಮಾತಾಡಿದ್ದಾರೆ.

ಒಪ್ಪಿಕೊಳ್ಳುವುದು ಎಂದರೆ ವೈದ್ಯರ ವರದಿಯನ್ನು ಅಲ್ಲಗಳೆಯುವುದಲ್ಲ. ಈಗಿರುವ ದೇಹ ನಿಮ್ಮದೇ, ಅದನ್ನು ನೋಡಿಕೊಳ್ಳುವ ಜವಾಬ್ದಾರಿಯೂ ನಿಮ್ಮದೇ ಎಂದು ತಿಳಿಯುವುದು. ದಿನನಿತ್ಯದಲ್ಲಿ ಇದು ಹೀಗಿರುತ್ತದೆ:

- 'ಸಣ್ಣಗಾದ ಮೇಲೆ' ಎಂದು ಮುಂದೂಡಿದ ಕೆಲಸಗಳ ಪಟ್ಟಿ ಮಾಡಿ. ಫೋಟೊ ತೆಗೆಸಿಕೊಳ್ಳುವುದು, ಈಜು ಕಲಿಯುವುದು, ಊರಿನ ಮದುವೆಗೆ ಹೋಗುವುದು. ಒಂದನ್ನಾದರೂ ಈ ತಿಂಗಳೇ ಮಾಡಿ.
- ಈಗಿನ ಅಳತೆಗೆ ಸರಿಯಾದ ಎರಡು ಜೊತೆ ಬಟ್ಟೆ ಹೊಲಿಸಿಕೊಳ್ಳಿ. ದಿನವಿಡೀ ಸೊಂಟ ಬಿಗಿಯುವ ಪ್ಯಾಂಟ್ ದಿನವಿಡೀ ಬೈದಂತೆಯೇ.
- ತಪ್ಪಿದ ದಿನ, ಗೆಳತಿಗೆ ಹೀಗಾಗಿದ್ದರೆ ಏನು ಹೇಳುತ್ತಿದ್ದಿರೋ ಅದನ್ನೇ ನಿಮಗೂ ಹೇಳಿಕೊಳ್ಳಿ.
- ನೋಡಿದಾಗಲೆಲ್ಲ ಕೀಳರಿಮೆ ತರುವ ಇನ್‌ಸ್ಟಾಗ್ರಾಂ ಖಾತೆಗಳನ್ನು ಅನ್‌ಫಾಲೋ ಮಾಡಿ.

ಮನೆಯವರು, ನೆಂಟರು ಏನು ಮಾಡಬಹುದು?

'ಏನೇ, ಇಷ್ಟು ದಪ್ಪ ಆಗಿದ್ದೀಯಾ?' ನಮ್ಮ ಸಮಾರಂಭಗಳಲ್ಲಿ ಕುಶಲ ಕೇಳುವ ಮೊದಲ ಮಾತೇ ಇದು. ಕಷ್ಟಪಟ್ಟು ಐದು ಕಿಲೋ ಇಳಿಸಿಕೊಂಡು ಹೋದರೆ ಅದೇ ಅತ್ತೆಮ್ಮ 'ಯಾಕೆ ಇಷ್ಟು ಸೊರಗಿದ್ದೀಯಾ, ಹುಷಾರಿಲ್ವಾ?' ಎನ್ನುತ್ತಾರೆ. ಮದುವೆಯ ಮಾತುಕತೆಯಲ್ಲಂತೂ ಹುಡುಗಿಯ ತೂಕ ಎಲ್ಲರ ವಿಷಯ.

'ನೀವು ಚೆನ್ನಾಗಿದ್ದೀರಾ ಅತ್ತೆ? ಮಂಡಿನೋವು ಹೇಗಿದೆ?' ಎಂದು ಮಾತು ತಿರುಗಿಸುವುದು ಒಂದು ಉಪಾಯ. ಹತ್ತಿರದವರಾದರೆ 'ಈ ವಿಷಯ ಬೇಡಮ್ಮ, ನನಗೆ ನೋವಾಗುತ್ತೆ' ಎಂದು ನೇರವಾಗಿ ಹೇಳಬಹುದು. ಮನೆಯವರಿಗೆ ನಿಜಕ್ಕೂ ಕಾಳಜಿ ಇದ್ದರೆ ಒಬ್ಬರಿಗಾಗಿ ಬೇರೆ ಅಡುಗೆ ಮಾಡುವ ಬದಲು ಎಲ್ಲರ ಅಡುಗೆಯಲ್ಲೇ ಎಣ್ಣೆ ಇಳಿಸಲಿ. 'ವಾಕಿಂಗ್ ಹೋಗು' ಎನ್ನುವ ಬದಲು ಜೊತೆಗೆ ಚಪ್ಪಲಿ ಮೆಟ್ಟಿ ಹೊರಡಲಿ. ಮಕ್ಕಳ ಎದುರು ಅವರ ತೂಕದ ಬಗ್ಗೆಯೂ, ನಿಮ್ಮದರ ಬಗ್ಗೆಯೂ ಹಳಿಯುವ ಮಾತು ಬೇಡ.

ಇಂಜೆಕ್ಷನ್‌ಗಳ ಬಗ್ಗೆ ಒಂದು ಮಾತು

2025ರಲ್ಲಿ ಮೌಂಜಾರೋ, ವೆಗೋವಿ ಹೆಸರಿನ ಇಂಜೆಕ್ಷನ್‌ಗಳು ಭಾರತದ ಮಾರುಕಟ್ಟೆಗೆ ಬಂದವು. ಬೊಜ್ಜಿನಿಂದ ಕಾಯಿಲೆಗೆ ಒಳಗಾದವರಿಗೆ ಇವು ನಿಜವಾದ ಉಪಯೋಗ ಕೊಡುತ್ತವೆ, ಇವನ್ನು ಬಳಸುವುದು 'ಅಡ್ಡದಾರಿ' ಎಂದು ಹೀಯಾಳಿಸಬೇಕಿಲ್ಲ. ಆದರೆ ವಾಕರಿಕೆ, ವಾಂತಿಯಂಥ ಅಡ್ಡಪರಿಣಾಮಗಳಿವೆ. ವೆಗೋವಿಯಲ್ಲಿರುವ ಸೆಮಾಗ್ಲುಟೈಡ್ ಔಷಧದ ಪ್ರಯೋಗದಲ್ಲಿ, ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ಮರಳಿತ್ತು. ವೈದ್ಯರ ಚೀಟಿ ಇಲ್ಲದೆ, ಗೆಳೆಯರ ಮಾತು ಕೇಳಿ ತೆಗೆದುಕೊಳ್ಳುವಂಥ ಔಷಧ ಇದಲ್ಲ.

ವೈದ್ಯರನ್ನು ಯಾವಾಗ ಕಾಣಬೇಕು?

- ಊಟ, ನಡಿಗೆ ಬದಲಾಗದೆಯೂ ತೂಕ ಏರುತ್ತಿದ್ದರೆ ಅಥವಾ ಇಳಿಯುತ್ತಿದ್ದರೆ. ಥೈರಾಯ್ಡ್, ಪಿಸಿಓಎಸ್, ಕೆಲವು ಔಷಧಗಳು ಕಾರಣವಾಗಿರಬಹುದು. ಕಾರಣವಿಲ್ಲದೆ ತೂಕ ಇಳಿಯುವುದನ್ನು ಎಂದಿಗೂ ನಿರ್ಲಕ್ಷಿಸಬೇಡಿ.
- ಮಧುಮೇಹ, ರಕ್ತದೊತ್ತಡಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ. ಊಟ ಕಡಿಮೆಯಾದಾಗ ಔಷಧದ ಪ್ರಮಾಣವೂ ಬದಲಾಗಬೇಕಾಗಬಹುದು.
- ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಬೆಳೆಯುವ ಮಕ್ಕಳು, ವೃದ್ಧರು ಸ್ವಂತವಾಗಿ ಡಯಟ್ ಆರಂಭಿಸಬಾರದು.
- ಜೋರಾದ ಗೊರಕೆ, ಹಗಲಿನ ತೂಕಡಿಕೆ, ನಡೆಯುವಾಗ ಎದೆನೋವು ಇದ್ದರೆ.
- ಮುಟ್ಟು ನಿಂತರೆ, ತಿಂದು ವಾಂತಿ ಮಾಡುವ ಅಭ್ಯಾಸ ಶುರುವಾದರೆ, ಊಟದ ಯೋಚನೆಯೇ ದಿನವನ್ನು ನುಂಗುತ್ತಿದ್ದರೆ. ಇದು ಮನೋವೈದ್ಯರ ನೆರವು ಬೇಕಾದ ಸ್ಥಿತಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಇಂದಿನಿಂದಲೇ ಶುರು ಮಾಡುವುದಾದರೆ

ಎಲ್ಲವನ್ನೂ ಒಟ್ಟಿಗೆ ಮಾಡಲು ಹೋಗಬೇಡಿ. ಮೊದಲ ತಿಂಗಳು ಚಹಾದ ಸಕ್ಕರೆ ಮತ್ತು ನಿಲ್ದಾಣದಿಂದ ಮನೆಗೆ ನಡಿಗೆ. ಎರಡನೇ ತಿಂಗಳು ತಟ್ಟೆಯಲ್ಲಿ ಪಲ್ಯ ಹೆಚ್ಚು, ಸಂಜೆಗೆ ಹುರಿಗಡಲೆ. ಮೂರನೇ ತಿಂಗಳು ಎಣ್ಣೆಯ ಅಳತೆ ಮತ್ತು ವಾರಕ್ಕೆರಡು ದಿನ ಸ್ನಾಯುವಿನ ವ್ಯಾಯಾಮ. ಮೂರು ತಿಂಗಳ ಕೊನೆಗೆ ಸೊಂಟ ಅಳೆಯಿರಿ, ರಕ್ತ ಪರೀಕ್ಷೆ ಮಾಡಿಸಿ, ತೂಕವನ್ನೂ ನೋಡಿ.

ಅಂದು ಯಂತ್ರ ತೋರಿಸುವ ಸಂಖ್ಯೆ ನೀವು ಅಂದುಕೊಂಡಷ್ಟು ಇಳಿದಿರಬಹುದು, ಇಳಿಯದೆಯೂ ಇರಬಹುದು. ಹಳೆಯ ರೈಲು ನಿಲ್ದಾಣದ ಟಿಕೆಟ್ಟಿನಲ್ಲಿ ನಂಬಬಹುದಾಗಿದ್ದದ್ದು ತೂಕದ ಅಂಕಿಯನ್ನು ಮಾತ್ರ. ಗುಣ, ಭವಿಷ್ಯ ಹೇಳುವ ಸಾಲನ್ನು ಆಗಲೂ ಯಾರೂ ಗಂಭೀರವಾಗಿ ತೆಗೆದುಕೊಳ್ಳುತ್ತಿರಲಿಲ್ಲ. ಈಗಲೂ ತೆಗೆದುಕೊಳ್ಳಬೇಕಿಲ್ಲ.

*(ಸೂಚನೆ: ಇದು ಸಾಮಾನ್ಯ ಮಾಹಿತಿಗಾಗಿ ಬರೆದ ಲೇಖನ. ಯಾವುದೇ ಆಹಾರ ಕ್ರಮ, ಔಷಧ ಅಥವಾ ಚಿಕಿತ್ಸೆ ಆರಂಭಿಸುವ ಮುನ್ನ ನಿಮ್ಮ ವೈದ್ಯರ ಸಲಹೆ ಪಡೆಯಿರಿ.)*